ಹಿಮನದಿಯೂ ಹಕ್ಕಿಯೂ ಒಂದೇ ಫೋಟೋದಲ್ಲಿ ಸರಿಯಾಗಿ ಬರಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಜುಲೈನಲ್ಲಿ ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹಡಗಿನ ಪ್ರವಾಸ ನಿಗದಿಯಾಗಿದೆ. ಹೋಗಿ ಬಂದವರ ಫೋಟೋಗಳಲ್ಲಿ ಹಕ್ಕಿ ಚೆನ್ನಾಗಿ ಬಂದಿದ್ದರೆ ಹಿಂದಿನ ಹಿಮನದಿ ಬರೀ ಬಿಳಿ ಗೋಡೆ, ಹಿಮನದಿ ಚೆನ್ನಾಗಿ ಬಂದಿದ್ದರೆ ಹಕ್ಕಿ ಕಪ್ಪು ಚುಕ್ಕೆ. ಎರಡೂ ಒಟ್ಟಿಗೆ ಬರಲು ಯಾವ ಸೆಟ್ಟಿಂಗ್ ಇಡಬೇಕು? 100–400 ಮಿ.ಮೀ. ಲೆನ್ಸ್ ಸಾಕೇ?

ಲೆನ್ಸ್ ಸಾಕು. ಆದರೆ ಸೆಟ್ಟಿಂಗ್‌ನಿಂದ ಆಗುವುದು ಅರ್ಧ ಕೆಲಸ ಮಾತ್ರ. ದೋಣಿಯ ಪಕ್ಕ ಹಾರುವ ಹಕ್ಕಿ, ಅರ್ಧ ಕಿಲೋಮೀಟರ್ ಆಚೆಯ ಮಂಜುಗಡ್ಡೆ, ಇವೆರಡನ್ನೂ 400 ಮಿ.ಮೀ.ನಲ್ಲಿ ಸ್ಪಷ್ಟವಾಗಿ ಹಿಡಿಯುವ ಸೆಟ್ಟಿಂಗ್ ಯಾವ ಕ್ಯಾಮೆರಾದಲ್ಲೂ ಇಲ್ಲ. ಹಿಮನದಿಯ ಬುಡದಲ್ಲೇ ಹಕ್ಕಿ ಸೇರುವ ಜಾಗ ಹುಡುಕಬೇಕು. ಸ್ವಾಲ್‌ಬಾರ್ಡ್‌ನಲ್ಲಿ ಅಂಥ ಜಾಗಕ್ಕೆ ಬರವಿಲ್ಲ.

ಮೊದಲು ಬೆಳಕಿನ ವಿಷಯ ಮುಗಿಸೋಣ. ಕ್ಯಾಮೆರಾದ ಮೀಟರ್ ತಾನು ಕಂಡದ್ದನ್ನೆಲ್ಲ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಹಿಮವಿದ್ದರೆ ಬೆಳಕು ಇಳಿಸುತ್ತದೆ. ಹಿಮ ಬೂದಾಗುತ್ತದೆ, ಜೊತೆಗೆ ಹಕ್ಕಿಯೂ ಕಪ್ಪಾಗುತ್ತದೆ. ಅದೇ ಹಕ್ಕಿ ಕೆಳಗಿಳಿದು ಗಾಢ ನೀರಿನ ಮುಂದೆ ಬಂದರೆ ಮೀಟರ್ ಬೆಳಕು ಏರಿಸಿ ಬಿಳಿ ಎದೆಯ ಗರಿಗಳನ್ನೆಲ್ಲ ಅಳಿಸಿ ಹಾಕುತ್ತದೆ. ಇಷ್ಟರಲ್ಲಿ ಹಕ್ಕಿಯ ಮೇಲಿನ ಬಿಸಿಲು ಒಂದಿಷ್ಟೂ ಬದಲಾಗಿಲ್ಲ, ಬದಲಾದದ್ದು ಹಿನ್ನೆಲೆ ಮಾತ್ರ. ಹಸಿರು ಮರಗಳ ಮುಂದೆ ಹಕ್ಕಿ ತೆಗೆದು ರೂಢಿಯಾದವರಿಗೆ ಆಟೋ ಮೋಡ್ ಮೋಸ ಮಾಡಿರುವುದಿಲ್ಲ, ಇಲ್ಲಿ ಮಾಡುತ್ತದೆ.

ಹಾಗಾಗಿ ಪೂರ್ತಿ ಮ್ಯಾನುವಲ್. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಅಳತೆ) ಆಟೋದಲ್ಲಿ ಬಿಟ್ಟು ಮೋಡ್ ಡಯಲ್ ಮಾತ್ರ ‘ಎಂ’ಗೆ ತಿರುಗಿಸಿದರೆ ಅದು ಮ್ಯಾನುವಲ್ ಅಲ್ಲ, ಹಿನ್ನೆಲೆ ಬದಲಾದಾಗ ಐಎಸ್‌ಒ ಏರಿಳಿದು ಮತ್ತೆ ಅದೇ ಕಥೆ. ಚೌಕಟ್ಟಿನ ಒಂದು ಚುಕ್ಕೆಯಷ್ಟು ಜಾಗವನ್ನೇ ಅಳೆಯುವ ಸ್ಪಾಟ್ ಮೀಟರಿಂಗ್ ಇಟ್ಟುಕೊಂಡು ಬಿಸಿಲು ಬಿದ್ದ ಅತ್ಯಂತ ಬಿಳಿಯ ಮಂಜಿಗೆ ಗುರಿ ಹಿಡಿಯಿರಿ, ಮೀಟರ್ +2 ತೋರಿಸುವವರೆಗೆ ಷಟರ್ ಅಥವಾ ಐಎಸ್‌ಒ ಹೊಂದಿಸಿ, ಅಲ್ಲಿಗೇ ಬಿಡಿ. ಮೋಡವಿಲ್ಲದ ಬಿಸಿಲಿನಲ್ಲಿ ಎಫ್/6.3, 1/2500 ಸೆಕೆಂಡ್, ಐಎಸ್‌ಒ 400ರಿಂದ ಶುರು ಮಾಡಿದರೆ ಹೆಚ್ಚು ಹುಡುಕಾಡಬೇಕಾಗಿಲ್ಲ. ಒಂದು ಫೋಟೋ ತೆಗೆದು, ಬೆಳಕು ಮೀರಿದ ಕಡೆ ಪರದೆ ಮಿಣುಕುತ್ತಿದ್ದರೆ ಮೂರನೇ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧವಾಗುವ ಹಂತ). ಮೋಡ ಕವಿದರೆ ಐಎಸ್‌ಒ 1600 ದಾಟುವುದು ಮಾಮೂಲು. ಅದಕ್ಕೆ ಹೆದರಿ ಷಟರ್ ವೇಗ ಕಡಿಮೆ ಮಾಡಬೇಡಿ. ಐಎಸ್‌ಒ ಏರಿ ಕಾಳುಕಾಳಾದ ಫೋಟೋವನ್ನು ಆಮೇಲೆ ಸ್ವಚ್ಛ ಮಾಡಬಹುದು, ಅಲುಗಿದ್ದನ್ನು ಆಗುವುದಿಲ್ಲ. ಮರೆಯಬಾರದ್ದು ಒಂದೇ: ಸೂರ್ಯನಿಗೆ ಮೋಡ ಅಡ್ಡ ಬಂದಾಗಲೂ ಸರಿದಾಗಲೂ ಮತ್ತೆ ಅಳೆಯಬೇಕು.

ಹಿಸ್ಟೋಗ್ರಾಂ (ಫೋಟೋದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಬೆಳಕು ಹಂಚಿಕೊಂಡಿರುವುದನ್ನು ತೋರಿಸುವ ನಕ್ಷೆ) ನೋಡುವಾಗ ಬಿಳಿ ಗೆರೆಯೊಂದನ್ನೇ ನೋಡದೆ ಮೂರು ಬಣ್ಣದ್ದನ್ನೂ ತೆರೆಯಿರಿ. ಹಿಮನದಿಯ ಹಳೆಯ ಮಂಜಿನಲ್ಲಿ ಗಾಳಿಗುಳ್ಳೆಗಳು ಒತ್ತಡಕ್ಕೆ ಸಿಕ್ಕಿ ಬಹುತೇಕ ಇಲ್ಲವಾಗಿರುತ್ತವೆ. ಬೆಳಕು ಅದರೊಳಗೆ ಆಳಕ್ಕೆ ಇಳಿಯುತ್ತದೆ, ದಾರಿಯಲ್ಲಿ ಕೆಂಪು ಹೀರಿಹೋಗಿ ನೀಲಿ ಉಳಿದು ಹೊರಬರುತ್ತದೆ. ಅಂಥ ಗಾಢ ನೀಲಿ ಬಿರುಕುಗಳಲ್ಲಿ ಒಟ್ಟು ಗೆರೆ ಸುರಕ್ಷಿತವಾಗಿ ಕಂಡರೂ ನೀಲಿ ಗೆರೆ ಬಲಗೋಡೆಗೆ ಬಡಿದಿರಬಹುದು. ಆಗ ಬಿರುಕಿನ ಒಳಗಿನ ಪದರಗಳೆಲ್ಲ ಅಳಿಸಿ ಒಂದೇ ಬಣ್ಣದ ತೇಪೆಯಂತಾಗುತ್ತದೆ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಈ ನೀಲಿಯನ್ನೇ ದೋಷವೆಂದು ತಿಳಿದು ತೊಳೆದುಬಿಡುವುದೂ ಉಂಟು. 5500 ಕೆಲ್ವಿನ್ ಸುತ್ತ ನಿಲ್ಲಿಸಿ, ಕ್ಯಾಮೆರಾ ಕಂಡದ್ದನ್ನೆಲ್ಲ ತಿದ್ದದೆ ಉಳಿಸುವ ರಾ ಫೈಲ್ ತೆಗೆಯಿರಿ.

ಯಾವ ಹೊತ್ತು ಒಳ್ಳೆಯದು? ಸ್ವಾಲ್‌ಬಾರ್ಡ್‌ನ ಮುಖ್ಯ ಊರು ಲಾಂಗ್‌ಇಯರ್‌ಬೀನ್ 78 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಜೂನ್ 21ರಂದು ನಡುಹಗಲಿನಲ್ಲೂ ಸೂರ್ಯನ ಎತ್ತರ ಸುಮಾರು 35 ಡಿಗ್ರಿ, ನಡುರಾತ್ರಿ 12 ಡಿಗ್ರಿಯ ಆಸುಪಾಸು. ನೆತ್ತಿಯ ಬಿಸಿಲು ಎನ್ನುವುದೇ ಇಲ್ಲದ ಊರು. ರಾತ್ರಿ 10ರಿಂದ 2ರ ನಡುವೆ ಬಿಸಿಲು ಉತ್ತರದಿಂದ ಓರೆಯಾಗಿ ಬಂದು ಮಂಜಿನ ಪ್ರತಿ ಸೀಳಿಗೂ ನೆರಳು ಕೊಡುತ್ತದೆ. ಹಡಗಿನವರು ಆ ಹೊತ್ತಿಗೆ ದೋಣಿ ಇಳಿಸುವುದು ಅಪರೂಪ, ಆದರೆ ಡೆಕ್ ತೆರೆದೇ ಇರುತ್ತದೆ. ಉಳಿದವರಂತೆ ಮಲಗಬೇಡಿ.

ಇನ್ನು ಹಕ್ಕಿ ಎಲ್ಲಿರುತ್ತದೆ ಎಂಬುದು. ಬೇಸಿಗೆಯಲ್ಲಿ ಕರಗಿದ ನೀರು ಹಿಮನದಿಯ ತಳದಲ್ಲಿ ಸುರಂಗ ಕೊರೆದು ಹರಿದು, ಸಮುದ್ರದ ಮಟ್ಟಕ್ಕಿಂತ ಹತ್ತಾರು ಮೀಟರ್ ಕೆಳಗೆ ಹೊರಬೀಳುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ಮಂಜಿನ ಗೋಡೆಗೆ ಒತ್ತಿಕೊಂಡು ಮೇಲಕ್ಕೆ ನುಗ್ಗುತ್ತದೆ, ಆಳದ ಕ್ರಿಲ್ ಮತ್ತಿತರ ಸಣ್ಣ ಜೀವಿಗಳನ್ನೂ ಹೊತ್ತು ತರುತ್ತದೆ. ಉಪ್ಪಿನಿಂದ ಸಿಹಿಗೆ ಬಿದ್ದ ಅವು ಮಂಕಾಗಿಯೋ ಸತ್ತೋ ಮೇಲೆ ತೇಲುತ್ತವೆ. ಕಿಟ್ಟಿವೇಕ್ ಎಂಬ ಕಡಲಹಕ್ಕಿಗೆ ಗಿಲ್ಲೆಮಾಟ್ ಎಂಬ ಇನ್ನೊಂದು ಕಡಲಹಕ್ಕಿಯಂತೆ ಆಳಕ್ಕೆ ಮುಳುಗಲು ಬರುವುದಿಲ್ಲ, ನೀರಿನ ಮೇಲ್ಪದರದಲ್ಲಿ ಸಿಕ್ಕಿದ್ದೇ ಊಟ. ಹಾಗಾಗಿ ಈ ಬುಗ್ಗೆಗಳ ಮೇಲೆ ಅವು ನೂರಾರು ಸಂಖ್ಯೆಯಲ್ಲಿ ಕೂಡುತ್ತವೆ. ಲೀಫ್ಡೆಫ್ಯೋರ್ಡ್‌ನ ಮೊನಾಕೋಬ್ರೀನ್, ಕಾಂಗ್ಸ್‌ಫ್ಯೋರ್ಡ್‌ನ ಕ್ರೋನೆಬ್ರೀನ್ ಹಿಮನದಿಗಳು ಇದಕ್ಕೆ ಒಳ್ಳೆಯ ಜಾಗಗಳು. ಗುರುತು ಸುಲಭ: ಗೋಡೆಯ ಬುಡದಲ್ಲಿ ಕೆಂಗಂದು ಮಣ್ಣುನೀರಿನ ಅರ್ಧಚಂದ್ರ, ಅದರೊಳಗೆ ತೇಲುವ ಮಂಜಿನ ಚೂರುಗಳು ಹೊರಕ್ಕೆ ತಳ್ಳಿಸಿಕೊಳ್ಳುತ್ತಿರುತ್ತವೆ, ಮೇಲೆ ಹಕ್ಕಿಗಳ ಗದ್ದಲ. ದೊಡ್ಡ ಮಂಜಿನ ತುಂಡು ಕಳಚಿ ಬಿದ್ದಾಗಲೂ ಕಲಕಿದ ನೀರಿಗೆ ಇದೇ ಹಿಂಡು ಮುತ್ತುತ್ತದೆ.

ಇಲ್ಲಿ ಹಕ್ಕಿಯೂ ಮಂಜೂ ನಿಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ ಎರಡೂ ಒಂದೇ ಫೋಕಸ್‌ಗೆ ಸಿಗುತ್ತವೆ. ಲೆಕ್ಕ ನೋಡಿ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾ, 400 ಮಿ.ಮೀ., ಎಫ್/6.3 ಇಟ್ಟು 30 ಮೀಟರ್ ದೂರದ ಹಕ್ಕಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿರುವ ಪಟ್ಟಿಯ ಆಳ ಸುಮಾರು 2 ಮೀಟರ್. 500 ಮೀಟರ್ ಆಚೆಯ ಹಿಮನದಿ ಬರೀ ತಿಳಿನೀಲಿ ಮಸುಕು. ಅದೇ ಲೆನ್ಸನ್ನು 300 ಮೀಟರ್ ದೂರದ ಬುಗ್ಗೆಗೆ ತಿರುಗಿಸಿದರೆ ಸ್ಪಷ್ಟತೆಯ ಪಟ್ಟಿ 200 ಮೀಟರ್‌ಗೂ ಹೆಚ್ಚು. ರೆಕ್ಕೆ ಬಿಚ್ಚಿದರೆ ಒಂದು ಮೀಟರ್ ಇರುವ ಕಿಟ್ಟಿವೇಕ್ ಆಗ ಚೌಕಟ್ಟಿನ ಅಗಲದ 27ನೇ ಒಂದು ಭಾಗವಷ್ಟೇ. ಚಿಕ್ಕದಾಯಿತಲ್ಲ ಎಂದು ಮರುಗಬೇಡಿ. ಗೋಡೆಯ ಎತ್ತರ ನೋಡುಗರಿಗೆ ಅರ್ಥವಾಗುವುದೇ ಈ ಚುಕ್ಕೆಗಳಿಂದ. ಆದರೆ ಬಿಳಿ ಹಕ್ಕಿ ಬಿಸಿಲು ಬಿದ್ದ ಬಿಳಿ ಮಂಜಿನ ಮುಂದೆ ಕಳೆದುಹೋಗುತ್ತದೆ. ನೆರಳಿನಲ್ಲಿರುವ ನೀಲಿ ಗುಹೆ, ಕಪ್ಪು ಬಂಡೆ ಅಥವಾ ಆ ಕೆಂಗಂದು ನೀರು ಹಿಂದೆ ಬರುವಂತೆ ನಿಲ್ಲಿ. ಹಕ್ಕಿ ದೊಡ್ಡದಾಗಿಯೇ ಬೇಕು, ಮಂಜು ಗುರುತು ಸಿಕ್ಕಷ್ಟು ಸಾಕು ಎನ್ನುವವರು 200 ಮಿ.ಮೀ., ಎಫ್/8 ಇಟ್ಟು 60 ಮೀಟರ್ ದೂರದ ಹಕ್ಕಿಗೆ ಕಾಯಬಹುದು. ಹಿಮನದಿ ಸ್ವಲ್ಪ ಮೆತ್ತಗಾದರೂ ಆಕಾರ ಉಳಿಯುತ್ತದೆ.

ಇನ್ನೂ ಹತ್ತಿರ ಹೋಗೋಣ ಎಂದು ದೋಣಿಯವರನ್ನು ಒತ್ತಾಯಿಸಬಾರದು. ಮಂಜಿನ ಗೋಡೆಯಿಂದ ಕನಿಷ್ಠ 200 ಮೀಟರ್ ಬಿಡುವುದು ಅಲ್ಲಿನ ರೂಢಿ, ಗೋಡೆ ಎತ್ತರವಿದ್ದಷ್ಟೂ ಇನ್ನೂ ಹೆಚ್ಚು. ತುಂಡು ಬಿದ್ದಾಗ ಏಳುವ ಅಲೆ ಮಾತ್ರವಲ್ಲ, ನೀರಿನಡಿಯ ಮಂಜು ಮುರಿದು ಏಕಾಏಕಿ ಮೇಲೆದ್ದು ಬರುವುದೂ ಇದೆ. ಸದ್ದು ಕೇಳಿ ಕ್ಯಾಮೆರಾ ಎತ್ತಿದರೆ ತಡವಾಯಿತು: 300 ಮೀಟರ್ ದೂರದ ಸದ್ದು ನಿಮಗೆ ತಲುಪಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಚಿಕ್ಕ ಚೂರುಗಳು ಒಂದೇ ಕಡೆಯಿಂದ ಉದುರುತ್ತಿದ್ದರೆ ಅಲ್ಲೇ ಗುರಿ ಇಟ್ಟು ಕೂರಿ. ಗುಂಡಿ ಒತ್ತುವ ಮುಂಚಿನ ಅರ್ಧ ಸೆಕೆಂಡನ್ನೂ ಉಳಿಸುವ ಪ್ರೀ-ಕ್ಯಾಪ್ಚರ್ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನು ಬಳಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಎಲ್ಲ ಸರಿಯಿದ್ದೂ ಫೋಟೋ ಮಸುಕಾದರೆ ಲೆನ್ಸ್ ಬೈಯುವ ಮೊದಲು ಹತ್ತು ಫೋಟೋಗಳ ಒಂದು ಸರಣಿ ತೆಗೆದು ಹಿಗ್ಗಿಸಿ ನೋಡಿ. ಒಂದರಲ್ಲಿ ಗೋಡೆಯ ಎಡಭಾಗ, ಇನ್ನೊಂದರಲ್ಲಿ ಬಲಭಾಗ ಮಸುಕಾಗಿದ್ದರೆ ತಪ್ಪು ಗಾಳಿಯದು. ತಣ್ಣನೆಯ ನೀರಿನ ಮೇಲೆ ಬೇರೆ ಬೇರೆ ಬಿಸುಪಿನ ಗಾಳಿ ಪದರಗಳು ಕಲೆಸುವಾಗ ದೂರದ ಗೆರೆಗಳೆಲ್ಲ ನಡುಗುತ್ತವೆ, ಅದಕ್ಕೆ ಮದ್ದಿಲ್ಲ. ದೂರ ಕಡಿಮೆ ಮಾಡಬೇಕು ಇಲ್ಲವೇ ಕಾಯಬೇಕು. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಕ್ಕಿ ಮಸುಕು, ಹಿಂದಿನ ಬಿರುಕು ಚೂಪು ಎಂದಾದರೆ ಆಟೋಫೋಕಸ್ ಬಿರುಕಿಗೆ ಜಾರಿದೆ. ಫೋಕಸ್ ಪ್ರದೇಶ ಕಿರಿದು ಮಾಡಿ, ಹಕ್ಕಿ ಗುರುತಿಸುವ ಸೌಲಭ್ಯ ಚಾಲೂ ಇಡಿ, ಫೋಕಸ್ ಒಂದು ಗುರಿಯಿಂದ ಇನ್ನೊಂದಕ್ಕೆ ಜಿಗಿಯುವ ವೇಗವನ್ನು ನಿಧಾನಕ್ಕೆ ಹಾಕಿ. ಬೆಚ್ಚಗಿನ ಕ್ಯಾಬಿನ್‌ನಿಂದ ಆಗಷ್ಟೇ ತಂದ ಲೆನ್ಸ್ ಕೂಡ ಗಾಳಿ ನಡುಗಿಸುತ್ತದೆ, ಲೆನ್ಸ್ ತುದಿಗೆ ಹಾಕುವ ಹುಡ್‌ನೊಳಗೆ ಬಿಸಿಗಾಳಿ ಸಿಕ್ಕಿಕೊಂಡಿರುತ್ತದೆ. ಹುಡ್ ತೆಗೆದು ಅರ್ಧ ಗಂಟೆ ಹೊರಗೆ ಇಡಿ. ಡೆಕ್ ಮೇಲೆ ಹೊಗೆ ಕೊಳವೆಯ ಕಡೆಗೆ, ಕಂಬಿಗೆ ಮೊಣಕೈ ಊರಿ ತೆಗೆಯಬೇಡಿ. ಎಂಜಿನ್ನಿನ ನಡುಕವೆಲ್ಲ ಕಂಬಿಯಲ್ಲಿರುತ್ತದೆ. ರಬ್ಬರ್ ದೋಣಿಯಲ್ಲಿ ಟ್ರೈಪಾಡ್ ಬಿಚ್ಚುವುದೂ ವ್ಯರ್ಥ.

ಷಟರ್ ವೇಗ ಹಕ್ಕಿಗೆ ತಕ್ಕಂತೆ. ಫುಲ್ಮಾರ್ ಎಂಬ ಕಡಲಹಕ್ಕಿ ರೆಕ್ಕೆ ಬಡಿಯದೆ ಹಡಗಿನ ಪಕ್ಕವೇ ತೇಲುತ್ತದೆ, 1/1250 ಸಾಕು. ಕಿಟ್ಟಿವೇಕ್‌ಗೆ 1/2000. ಗಿಲ್ಲೆಮಾಟ್, ಪುಟ್ಟ ಕಡಲಹಕ್ಕಿ ಲಿಟಲ್ ಆಕ್‌ಗಳ ರೆಕ್ಕೆ ಬಡಿತ ಬಹಳ ಚುರುಕು, 1/3200ಕ್ಕಿಂತ ಇಳಿಯಬೇಡಿ.

ಗಿಲ್ಲೆಮಾಟ್‌ಗಳಿಗೆ ಹಿನ್‌ಲೋಪೆನ್ ಜಲಸಂಧಿಯ ಆಲ್ಕೆಫ್ಯೆಲೆಟ್ ಬಂಡೆಗೋಡೆ ಪ್ರಸಿದ್ಧ, ಹತ್ತಾರು ಸಾವಿರ ಜೋಡಿಗಳು ಅಲ್ಲಿ ಗೂಡಿಡುತ್ತವೆ. ಜುಲೈ ಕೊನೆಯಿಂದ ಮರಿಗಳು ಇನ್ನೂ ಹಾರಲು ಬಾರದೆಯೇ ಸಮುದ್ರಕ್ಕೆ ಧುಮುಕತೊಡಗುತ್ತವೆ, ಆಗಸ್ಟ್ ನಡುವಿಗೆ ಗೋಡೆ ಖಾಲಿ. ನಿಮ್ಮ ಪ್ರವಾಸ ಆಗಸ್ಟ್‌ಗೆ ಮುಂದೆ ಹೋದರೆ ಇದೊಂದು ನಷ್ಟ. ಇಂಥ ಬಂಡೆಗಳ ಬಳಿ ದೋಣಿ ನಿಧಾನಕ್ಕೇ ಹೋಗಬೇಕು, ಸದ್ದು ಮಾಡುವಂತಿಲ್ಲ: ಗಾಬರಿಯಾದ ಹಕ್ಕಿ ಎದ್ದರೆ ಬರೀ ಕಲ್ಲಿನ ಮೇಲಿಟ್ಟ ಮೊಟ್ಟೆ ಉರುಳಿ ಹೋಗುತ್ತದೆ. ಡ್ರೋನ್ ಮನೆಯಲ್ಲೇ ಬಿಡಿ, 2025ರ ಜನವರಿ 1ರಿಂದ ಸಂರಕ್ಷಿತ ಪ್ರದೇಶಗಳಲ್ಲಿ ಅದಕ್ಕೆ ನಿಷೇಧವಿದೆ. ಗೋಡೆಯ ಕೆಳಗೆ ಲೆನ್ಸ್ ಮೇಲ್ಮುಖವಾಗಿರುವಾಗ ಹುಡ್ ಹಾಕಿಯೇ ಇರಿ. ಏಕೆ ಎಂದು ಅಲ್ಲಿಗೆ ಹೋದ ಐದು ನಿಮಿಷದಲ್ಲಿ ತಿಳಿಯುತ್ತದೆ.

ಚಳಿಗೆ ಬ್ಯಾಟರಿ ಸಾಯುತ್ತದೆ ಎಂಬ ಭಯ ಮಾರ್ಚ್–ಏಪ್ರಿಲ್ ಪ್ರವಾಸಕ್ಕೆ ಸರಿ. ಜುಲೈನಲ್ಲಿ ಸೊನ್ನೆಗಿಂತ ಕೆಲವು ಡಿಗ್ರಿ ಮೇಲೆಯೇ ಇರುತ್ತದೆ, ಎರಡು ಹೆಚ್ಚುವರಿ ಬ್ಯಾಟರಿ ಧಾರಾಳ. ನಿಜವಾದ ಶತ್ರು ಉಪ್ಪುನೀರಿನ ಎರಚಲು. ದೋಣಿಯಲ್ಲಿ ಮಳೆ ಹೊದಿಕೆ ಹಾಕಿಡಿ, ಹಿಂತಿರುಗಿದ ಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಹೊರಮೈ ಒರೆಸಿ. ಒಳಗೆ ತರುವ ಮೊದಲೇ ಬ್ಯಾಗಿನ ಜಿಪ್ ಹಾಕಿ, ಒಂದೆರಡು ಗಂಟೆ ತೆರೆಯಬೇಡಿ, ಇಲ್ಲದಿದ್ದರೆ ಗಾಜಿನ ಮೇಲೆ ತೇವ ಕಟ್ಟುತ್ತದೆ. ಕಾರ್ಡ್ ಬೇಕಿದ್ದರೆ ಹೊರಗಿರುವಾಗಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಕಾಂಗ್ಸ್‌ಫ್ಯೋರ್ಡ್‌ಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿನ ನಿ-ಓಲೆಸುಂಡ್ ಸಂಶೋಧನಾ ಗ್ರಾಮದಲ್ಲಿ 2008ರಿಂದ ಭಾರತದ ‘ಹಿಮಾದ್ರಿ’ ಕೇಂದ್ರವೂ ಇದೆ. ಸೂಕ್ಷ್ಮ ರೇಡಿಯೋ ಉಪಕರಣಗಳಿಗೆ ಅಡ್ಡಿಯಾಗದಿರಲೆಂದು ಸುತ್ತ 20 ಕಿಲೋಮೀಟರ್‌ವರೆಗೆ ವೈಫೈ, ಬ್ಲೂಟೂತ್ ಬಂದ್. ಫೋನ್ ಆರಿಸಿ ಕ್ಯಾಮೆರಾ ಮರೆಯುವವರೇ ಹೆಚ್ಚು. ಮೆನುವಿನಲ್ಲಿ ಏರೋಪ್ಲೇನ್ ಮೋಡ್ ಹಾಕಿ. ಇನ್ನು ಸ್ವಾಲ್‌ಬಾರ್ಡ್ ನಾರ್ವೆಗೆ ಸೇರಿದ್ದರೂ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ) ವಲಯದ ಹೊರಗಿದೆ. ಓಸ್ಲೋದಿಂದ ಹೋಗಿ ಮತ್ತೆ ಓಸ್ಲೋಗೆ ಬರುವುದು ಎರಡನೇ ಪ್ರವೇಶವೆಂದೇ ಲೆಕ್ಕ, ಆದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವವರು ಎರಡು ಅಥವಾ ಹೆಚ್ಚು ಪ್ರವೇಶದ ವೀಸಾಕ್ಕೇ ಅರ್ಜಿ ಹಾಕಬೇಕು.