ಮಗು ನಡೆದರೆ ತಾಯಿ ನಡೆದಂತಲ್ಲ

ಆದೇಶಗಳನ್ನು ಬರೆದು ಕಂಪ್ಯೂಟರನ್ನು ನಡೆಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಕೆಲಸ ಮಾಡುವವರು ದಿನಕ್ಕೆ ಹತ್ತಾರು ಬಾರಿ ‘ಸಿಡಿ’ (cd, ಡೈರೆಕ್ಟರಿ ಬದಲಿಸುವ ಆದೇಶ) ಎಂದು ಬರೆದು, ಮುಂದೆ ಉದ್ದನೆಯ ವಿಳಾಸ ಕೊಟ್ಟು, ಡೈರೆಕ್ಟರಿಯಿಂದ (ಅಂದರೆ ಫೋಲ್ಡರ್‌ನಿಂದ) ಡೈರೆಕ್ಟರಿಗೆ ಓಡಾಡುತ್ತಾರೆ. ಈ ಶ್ರಮ ತಪ್ಪಿಸಲು ಝಾಕ್ಸೈಡ್ ಎಂಬ ಪುಟ್ಟ ತಂತ್ರಾಂಶವಿದೆ. ‘ಝಡ್’ ಒತ್ತಿ ಹೆಸರಿನ ಒಂದು ತುಣುಕು ಕೊಟ್ಟರೆ ಸಾಕು, ನೀವು ಮೊದಲು ಹೋಗಿದ್ದ ಡೈರೆಕ್ಟರಿಗಳಲ್ಲಿ ಅದಕ್ಕೆ ಹೊಂದುವುದಕ್ಕೆ ಕರೆದೊಯ್ಯುತ್ತದೆ.

ಅಳವಡಿಸುವಾಗ ಮಾತ್ರ ಒಂದು ವಿಶೇಷ. ಟರ್ಮಿನಲ್‌ನಲ್ಲಿ ನಾವು ಬರೆದ ಆದೇಶಗಳನ್ನು ಓದಿ ನಡೆಸುವ ತಂತ್ರಾಂಶವೇ ಶೆಲ್. ಬ್ಯಾಷ್‌ ಎಂಬ ಶೆಲ್‌ನ ಆರಂಭಿಕ ಕಡತದಲ್ಲಿ ನಾವೇ ಒಂದು ಸಾಲು ಸೇರಿಸಬೇಕು. ಆ ಸಾಲು ಏಕೆ ಬೇಕು ಎಂಬುದರಲ್ಲಿಯೇ ಇಡೀ ಸಂಗತಿಯ ಸೊಗಸಿದೆ ಎಂದು ನನಗನ್ನಿಸುತ್ತದೆ.

ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ‘ನಾನೀಗ ಎಲ್ಲಿದ್ದೇನೆ’ ಎಂಬುದು ಪ್ರತಿ ಪ್ರಕ್ರಿಯೆಯ, ಅಂದರೆ ನಡೆಯುತ್ತಿರುವ ಪ್ರತಿ ತಂತ್ರಾಂಶದ, ಸ್ವಂತ ಸೊತ್ತು. ಶೆಲ್ ಒಂದು ತಂತ್ರಾಂಶವನ್ನು ನಡೆಸಲು ಮಗು ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ. ಮಗು ಎಲ್ಲಿಗೆ ಹೋದರೂ ತಾಯಿ ಇದ್ದಲ್ಲೇ ಇರುತ್ತಾಳೆ. ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನ ಪಿಡಿಪಿ-7 ಕಂಪ್ಯೂಟರಿನಲ್ಲಿ ಹೀಗೆ ಮಗುವನ್ನು ಹುಟ್ಟಿಸುವ ‘ಫೋರ್ಕ್’ ಬಂದ ಸಂಭ್ರಮದ ನಡುವೆಯೇ ಡೈರೆಕ್ಟರಿ ಬದಲಿಸುವ ಆದೇಶ ಕೆಲಸ ನಿಲ್ಲಿಸಿತ್ತೆಂದು ಯುನಿಕ್ಸ್ ರೂಪಿಸಿದವರಲ್ಲೊಬ್ಬರಾದ ಡೆನ್ನಿಸ್ ರಿಚಿ ಬರೆದಿದ್ದಾರೆ. ಆದೇಶ ಸರಿಯಾಗಿಯೇ ನಡೆಯುತ್ತಿತ್ತು, ಆದರೆ ಮಗುವಿನೊಳಗೆ! ಕೊನೆಗೆ ಅದನ್ನು ಶೆಲ್‌ನ ಒಡಲೊಳಗೇ ಇಟ್ಟರು. ಇಂದಿಗೂ ‘ಸಿಡಿ’ ಅಲ್ಲೇ ಇದೆ.

ಝಾಕ್ಸೈಡ್‌ಗೂ ಇದೇ ಕಟ್ಟುಪಾಡು. ನಾವು ಸೇರಿಸಿದ ಸಾಲು ಟರ್ಮಿನಲ್ ತೆರೆದಾಗಲೆಲ್ಲ ‘ಝಡ್’ ಎಂಬ ಫಂಕ್ಷನ್ನನ್ನು (ಹೆಸರಿಟ್ಟ ಪುಟ್ಟ ಆದೇಶಗುಚ್ಛವನ್ನು) ಶೆಲ್‌ನೊಳಗೆ ನೆಡುತ್ತದೆ. ಮಗುವಾದ ಝಾಕ್ಸೈಡ್ ವಿಳಾಸವನ್ನಷ್ಟೇ ಹೇಳುತ್ತದೆ, ಹೆಜ್ಜೆ ಇಡುವವಳು ತಾಯಿಯಾದ ಶೆಲ್.

ವಿಳಾಸ ಆಯ್ಕೆಯ ಲೆಕ್ಕ ಸರಳ. ಪ್ರತಿ ಭೇಟಿಗೆ 1 ಅಂಕ. ಕಳೆದ ಒಂದು ಗಂಟೆಯೊಳಗೆ ಹೋಗಿದ್ದರೆ ಅಂಕ ನಾಲ್ಕು ಪಟ್ಟು, ಒಂದು ದಿನದೊಳಗಾದರೆ ಎರಡು ಪಟ್ಟು, ವಾರದೊಳಗಾದರೆ ಅರ್ಧ, ಅದಕ್ಕೂ ಹಳೆಯದಾದರೆ ಕಾಲು ಭಾಗ. ಒಟ್ಟು ಮೊತ್ತ 10,000 ದಾಟಿದರೆ ಎಲ್ಲವೂ ಕುಗ್ಗುತ್ತವೆ, 1ಕ್ಕಿಂತ ಕೆಳಗಿಳಿದವು ಅಳಿಯುತ್ತವೆ. ಮರೆಯುವುದೂ ಜಾಣತನವೆಂದು ತಿಳಿದವರೇ ಇದನ್ನು ಬರೆದಿರಬೇಕು.

ತೆಗೆದುಹಾಕುವಾಗ ಈ ಬೇರುಗಳನ್ನು ನೆನಪಿಡಬೇಕು. ತಂತ್ರಾಂಶವನ್ನಷ್ಟೇ ಅಳಿಸಿ ಸಾಲನ್ನು ಬಿಟ್ಟರೆ, ಹೊಸ ಟರ್ಮಿನಲ್ ತೆರೆದಾಗಲೆಲ್ಲ ‘ಆದೇಶ ಸಿಗಲಿಲ್ಲ’ ಎಂಬ ದೂರು ಕಾಣಿಸುತ್ತದೆ. ಆದ್ದರಿಂದ ಮೊದಲು ಸಾಲು, ಆಮೇಲೆ ತಂತ್ರಾಂಶ. ಆಗಲೇ ತೆರೆದಿರುವ ಟರ್ಮಿನಲ್‌ಗಳ ನೆನಪಿನಲ್ಲಿ ಫಂಕ್ಷನ್ ಇನ್ನೂ ಉಳಿದಿರುತ್ತದೆ, ಅವುಗಳನ್ನು ಮುಚ್ಚಿಬಿಡಿ. ಮೂರನೆಯದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಲಿನಕ್ಸ್‌ನಲ್ಲಿ ನಿಮ್ಮ ಹೋಮ್ ಡೈರೆಕ್ಟರಿಯ ಅಡಗಿದ ಮೂಲೆಯೊಂದರಲ್ಲಿ, ಝಾಕ್ಸೈಡ್ ಹೆಸರಿನ ಫೋಲ್ಡರ್‌ನಲ್ಲಿ, ನೀವು ಓಡಾಡಿದ ಜಾಗಗಳ ಪಟ್ಟಿ ಇರುತ್ತದೆ. ಕಂಪ್ಯೂಟರನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು ಅದನ್ನೂ ಅಳಿಸಿ.