ಅಪ್ಪನ ಹೆಸರು ಬೇಕಾ? ಮೊದಲು ಊರಿನ ಲೆಕ್ಕ ನೋಡಿ

ಇಂಗ್ಲೆಂಡಿನಲ್ಲಿ ವಂಶವೃಕ್ಷ ಹುಡುಕುವವರಿಗೆ ಒಂದು ಒಗಟು ಆಗಾಗ ಎದುರಾಗುತ್ತದೆ. ಮುತ್ತಜ್ಜನ ಜನನ ಪ್ರಮಾಣಪತ್ರ ಸಿಗುತ್ತದೆ, ಅದರಲ್ಲಿ ತಂದೆಯ ಕಾಲಂ ಖಾಲಿ. ತಾಯಿಗೆ ಮದುವೆಯಾಗಿರಲಿಲ್ಲ. ಆದರೆ ಅವನಿಗಿಂತ ನೂರು ವರ್ಷ ಹಿಂದೆ ಹೀಗೇ ಹುಟ್ಟಿದ ಮಗುವಿನ ಅಪ್ಪ ಎಷ್ಟೋ ಸಲ ಹೆಸರು, ಕಸುಬು, ಸಹಿ ಸಮೇತ ಸಿಕ್ಕಿಬಿಡುತ್ತಾನೆ. ವಿಚಿತ್ರ ಅಲ್ವಾ? ಇದರ ಹಿಂದಿರುವುದು ದುಡ್ಡು. ಮಗುವಿನ ಖರ್ಚು ಯಾರ ತಲೆಗೆ ಬರುತ್ತಿತ್ತೋ ಅವರು ಅಪ್ಪನ ಹೆಸರು ಬರೆಸಿಕೊಂಡರು.

ಅಪ್ಪನಿಂದ ಖರ್ಚು ವಸೂಲಿ ಮಾಡುವ ಕಾನೂನು 1576ರಲ್ಲೇ ಬಂತು. 1601ರ ಬಡವರ ಕಾನೂನು ಬಡವರ ಹೊಣೆಯನ್ನು ಪ್ಯಾರಿಷ್ ಮೇಲೆ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನ ಮೇಲೆ ಹಾಕಿತು. ತೆರಿಗೆ ಕಟ್ಟುವವರು ಊರಿನವರೇ. ಮದುವೆಯಿಲ್ಲದೆ ಹುಟ್ಟಿದ ಮಗು ಹುಟ್ಟಿದ ಊರಿಗೇ ಸೇರಬೇಕು. ಹಾಗಾಗಿ ತುಂಬು ಬಸುರಿಯನ್ನು ಗಡಿ ದಾಟಿಸಿ ಪಕ್ಕದ ಊರಿನ ಪಾಲಿಗೆ ಬಿಟ್ಟದ್ದೂ ಉಂಟು. ಹೆರಿಗೆ ನೋವಿನ ನಡುವೆಯೇ ಸೂಲಗಿತ್ತಿಯಿಂದ ಅಪ್ಪನ ಹೆಸರು ಕೇಳಿಸುತ್ತಿದ್ದರು.

ಹುಡುಕುವವರಿಗೆ ನಿಜವಾದ ಸುಗ್ಗಿ 1733ರಿಂದ 1834ರವರೆಗಿನ ಕಾಲ. 1733ರ ಕಾನೂನಿನ ಪ್ರಕಾರ ಬಸುರಿ ಪ್ರಮಾಣ ಮಾಡಿ ಒಬ್ಬನ ಹೆಸರು ಹೇಳಿದರೆ ಅವನನ್ನು ಹಿಡಿದು ತರಬಹುದಿತ್ತು. ಜಾಮೀನು ಕೊಡದಿದ್ದರೆ ಜೈಲು. ಇದರಿಂದ ಕಾಗದದ ಸಾಲೇ ಹುಟ್ಟಿತು: ಹೆಣ್ಣಿನ ಹೇಳಿಕೆ, ವಾರಂಟ್, ಮುಚ್ಚಳಿಕೆ, ನ್ಯಾಯಾಧೀಶರ ಆದೇಶ. ಮುಚ್ಚಳಿಕೆಯಲ್ಲಿ ಅವನ ಜೊತೆ ಜಾಮೀನುದಾರರ ಸಹಿಯೂ ಇರುತ್ತದೆ. ಎಷ್ಟೋ ಸಲ ಅವರು ಅವನ ಅಪ್ಪನೋ ಅಣ್ಣನೋ ಆಗಿರುತ್ತಾರೆ, ಅಪ್ಪನಾಗಿದ್ದರೆ ಒಂದೇ ಹಾಳೆಯಲ್ಲಿ ಎರಡು ತಲೆಮಾರು ಸಿಕ್ಕಂತೆ. ಬಡವರ ಹಣ ನೋಡಿಕೊಳ್ಳುತ್ತಿದ್ದ ಊರಿನ ಮೇಲ್ವಿಚಾರಕರ ಲೆಕ್ಕದಲ್ಲಿ ಮದುವೆ ಲೈಸೆನ್ಸಿಗೆ ಇಷ್ಟು, ಉಂಗುರಕ್ಕೆ ಇಷ್ಟು ಎಂಬ ಬಾಬತ್ತುಗಳೂ ಕಾಣುತ್ತವೆ. ವಾರವಾರ ಹಣ ಕೊಡುವುದಕ್ಕಿಂತ ಮದುವೆ ಮಾಡಿಸುವುದೇ ಊರಿಗೆ ಅಗ್ಗ! ಹಾಗಂತ ಈ ಹೇಳಿಕೆಗಳನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಅಧಿಕಾರಿಗಳ ಮುಂದೆ ಒಬ್ಬಳೇ ನಿಂತ ಮನೆಗೆಲಸದ ಹುಡುಗಿ ಯಾರ ಹೆಸರು ಹೇಳಬಲ್ಲಳು, ಯಾರದ್ದು ಹೇಳಲಾರಳು ಅಂತ ಸ್ವಲ್ಪ ಯೋಚಿಸಿ ನೋಡಿ.

ಹೆಣ್ಣುಮಕ್ಕಳು ಸುಳ್ಳು ಹೆಸರು ಹೇಳಿ ದುಡ್ಡು ಕೀಳುತ್ತಾರೆ ಎಂಬ ಮಾತು ಮುಂದೆ ಜೋರಾಯಿತು. 1834ರ ಹೊಸ ಕಾನೂನು ಮಗುವಿನ ಹೊಣೆಯನ್ನು ಬಹುಮಟ್ಟಿಗೆ ತಾಯಿಯ ಮೇಲೇ ಹೊರಿಸಿತು. ಅಪ್ಪನನ್ನು ಹಿಡಿಯಲು ಅವಳ ಮಾತು ಸಾಲದು, ಬೇರೆ ಸಾಕ್ಷಿಯೂ ಬೇಕು. ಕಡತಗಳು ಬಡವಾಗುವುದು ಇಲ್ಲಿಂದ. 1844ರಲ್ಲಿ ತಾಯಿಯೇ ಸ್ಥಳೀಯ ನ್ಯಾಯಾಲಯಕ್ಕೆ ಹೋಗುವ ಹಕ್ಕು ಸಿಕ್ಕಿತು. ಆ ನ್ಯಾಯಾಲಯಗಳ ಪುಸ್ತಕ ಸಿಗದ ಕಡೆ ಊರಿನ ಪತ್ರಿಕೆ ನೋಡಬೇಕು. ಇಂಥ ಪ್ರಕರಣಗಳನ್ನು ಅವು ಆಗಾಗ ಛಾಪಿಸುತ್ತಿದ್ದವು.

1837ರಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದರೂ ಅಪ್ಪನನ್ನು ಹುಡುಕುವವರಿಗೆ ಹೆಚ್ಚು ಲಾಭವಾಗಲಿಲ್ಲ. 1875ರಿಂದ ಅಪ್ಪನೂ ಬಂದು ತಾಯಿಯ ಜೊತೆ ಸಹಿ ಹಾಕಿದರೆ ಮಾತ್ರ ಅವನ ಹೆಸರು ಎಂದಾಯಿತು. ಬರುವವರು ಎಷ್ಟು ಮಂದಿ? ಕೆಲವು ತಾಯಂದಿರು ಅವನ ಮನೆತನದ ಹೆಸರನ್ನು ಮಗುವಿನ ನಡುಹೆಸರಾಗಿ ಇಟ್ಟು ಸುಳಿವು ಬಿಟ್ಟರು. ಮಗು ದೊಡ್ಡದಾಗಿ ಮದುವೆಯಾಗುವಾಗ ಆ ಪತ್ರದಲ್ಲೂ ತಂದೆಯ ಕಾಲಂ ಇರುತ್ತದೆ. ಮರ್ಯಾದೆಗೆ ಅಂಜಿ ಅಲ್ಲಿ ಅಜ್ಜನ ಹೆಸರನ್ನೋ ಸುಮ್ನೆ ಯಾವುದೋ ಹೆಸರನ್ನೋ ಬರೆಸಿದವರಿದ್ದಾರೆ.

ಈಗ ಡಿಎನ್‌ಎ ಪರೀಕ್ಷೆ ಬಂದಿದೆ. ಅದು ಮನೆತನ ತೋರಿಸಬಲ್ಲದು. ಆದರೆ ಇಷ್ಟು ತಲೆಮಾರು ಕಳೆದ ಮೇಲೆ ಆ ಮನೆಯ ಅಣ್ಣತಮ್ಮಂದಿರಲ್ಲಿ ಯಾರು ಎಂದು ಹೇಳಲು ಸಾಮಾನ್ಯವಾಗಿ ಆಗುವುದಿಲ್ಲ. ಆಗ ಮತ್ತೆ ಹಳೆಯ ಕಾಗದವೇ ಗತಿ.

ಬ್ರಿಟಿಷರ ಕಾಲದ ಭಾರತದ ಚರ್ಚ್ ದಾಖಲೆಗಳಲ್ಲಿ ಸಮಸ್ಯೆ ತಿರುಗುಮುರುಗು. ಬೆಂಗಳೂರು ದಂಡು ಪ್ರದೇಶ ಸೇರಿದ್ದ ಮದ್ರಾಸ್ ವಿಭಾಗದ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ದಾಖಲೆಗಳ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಂಥ ಹಳೆಯ ಪುಟಗಳಲ್ಲಿ ಬ್ರಿಟಿಷ್ ಸೈನಿಕನಾಗಿದ್ದ ಅಪ್ಪನ ಹೆಸರು, ಕೆಲವೊಮ್ಮೆ ದಳದ ಹೆಸರೂ ಸಿಗುತ್ತದೆ. ತಾಯಿಯ ಜಾಗದಲ್ಲಿ ಮಾತ್ರ ಎಷ್ಟೋ ಕಡೆ ಬರೀ ‘ದೇಶೀ ಹೆಂಗಸು’. ಅವಳನ್ನು ಹುಡುಕಲು ಅವನ ಉಯಿಲು ನೋಡಬೇಕು. ಮನೆಯನ್ನೋ ಒಡವೆಯನ್ನೋ ಅವಳಿಗೆ ಬರೆದಿಟ್ಟಿದ್ದರೆ, ಅಲ್ಲಿ ಹೆಸರು ಸಿಗುವ ಸಾಧ್ಯತೆ ಜಾಸ್ತಿ.