ಡ್ಯಾಂ ಕಟ್ಟಿದರೆ ಸಾಕಾ? ಒಳಹರಿವು ಎಲ್ಲಿಂದ?

ಬೇಸಿಗೆ ಬಂತು ಅಂದರೆ ಎಲ್ಲರೂ ನನ್ನನ್ನು ಕೇಳುವುದು ಒಂದೇ ಮಾತು. ಇನ್ನೊಂದು ಡ್ಯಾಂ ಕಟ್ಟಿದರೆ ಬೆಂಗಳೂರಿನ ನೀರಿನ ಕಷ್ಟ ಮುಗಿಯುತ್ತೆ ಅಲ್ವಾ? ನೀರು ಸರಬರಾಜು ಯೋಜನೆಗಳ ಲೆಕ್ಕ ಹಾಕುವುದೇ ನನ್ನ ಕೆಲಸ. ಕೇಳಿದವರಿಗೆ ಮೊದಲು ತಿಪ್ಪಗೊಂಡನಹಳ್ಳಿ ಕಥೆ ಹೇಳುತ್ತೇನೆ.

ಅರ್ಕಾವತಿ ಮತ್ತು ಕುಮುದ್ವತಿ ಸೇರುವ ಜಾಗದಲ್ಲಿ 1933ರಲ್ಲಿ ಕಟ್ಟಿದ ಜಲಾಶಯ ಅದು, ಚಾಮರಾಜಸಾಗರ. 1974ರಲ್ಲಿ ಕಾವೇರಿ ನೀರು ಬರುವವರೆಗೂ ನಗರ ಅದನ್ನೇ ನೆಚ್ಚಿಕೊಂಡಿತ್ತು. ಕಟ್ಟೆ ಇವತ್ತಿಗೂ ನಿಂತಿದೆ. ಆದರೆ ಮೇಲುಗಡೆ ಸಾವಿರಾರು ಬೋರ್‌ವೆಲ್ ಕೊರೆದರು, ನೀಲಗಿರಿ ನೆಟ್ಟರು, ರಾಜಕಾಲುವೆ ಮುಚ್ಚಿ ಲೇಔಟ್ ಮಾಡಿದರು, ಅದರಿಂದ ಹೊಳೆಯ ಹರಿವೇ ಕುಸಿಯಿತು, ಬಂದ ಅಷ್ಟಿಷ್ಟು ನೀರಿಗೂ ಕೊಳಚೆ ಸೇರಿತು. ಸುಮಾರು ಹತ್ತು ವರ್ಷ ಅಲ್ಲಿಂದ ನಗರಕ್ಕೆ ನೀರು ಬರಲಿಲ್ಲ.

ಜಲಾಶಯ ನೀರನ್ನು ಹುಟ್ಟಿಸುವುದಿಲ್ಲ. ಮಳೆಗಾಲದ ನೀರನ್ನು ಬೇಸಿಗೆಗೆ ಎತ್ತಿಡುತ್ತದೆ, ಅಷ್ಟೆ. ಕಾವೇರಿಗೆ ಅಡ್ಡಲಾಗಿ ಕಟ್ಟಬೇಕೆಂದಿರುವ ಮೇಕೆದಾಟು ಡ್ಯಾಂ ವಿಚಾರದಲ್ಲೂ ನಾನು ನೋಡುವುದು ಇದನ್ನೇ. 67.16 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುವ ಜಲಾಶಯ, ಮುಳುಗುವ ಜಾಗದ ದೊಡ್ಡ ಭಾಗ ಕಾವೇರಿ ವನ್ಯಧಾಮದ್ದು. ಒಳ್ಳೆ ಮಳೆಯ ವರ್ಷ ಹರಿದುಹೋಗುವ ನೀರನ್ನು ಅಲ್ಲಿ ಹಿಡಿದಿಡಬಹುದು, ಅದು ನಿಜ. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಪ್ರಕಾರ ಮಾಮೂಲಿ ಮಳೆಯ ವರ್ಷದಲ್ಲಿ ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹೋಗಬೇಕು. 2023ರಲ್ಲಿ ಬರ ಬಂದಾಗ ಇರುವ ಕೆಆರ್‌ಎಸ್ ಜಲಾಶಯವೇ ತುಂಬಲಿಲ್ಲ. ಹೊಸದನ್ನು ಯಾವ ನೀರಿನಿಂದ ತುಂಬುವುದು? ಒಳ್ಳೆ ವರ್ಷದ ನೀರನ್ನು ಮುಟ್ಟದೆ ಕಾಪಿಟ್ಟರೆ ಮಾತ್ರ ಅದು ಬರಗಾಲಕ್ಕೆ ಒದಗುತ್ತದೆ. ಹಾಗೆ ಕಾಪಿಡುವ ನಿಯಮದ ಬಗ್ಗೆ ಚರ್ಚೆ ಆಗಲಿ ಅಂತ ನನ್ನ ಆಸೆ.

ಇನ್ನೊಂದು ದಾರಿ ನೀರಿನ ವಿನಿಮಯ, ಅಂದರೆ ಶುದ್ಧ ಮಾಡಿದ ಕೊಳಚೆ ನೀರು ಕೊಟ್ಟು ಅದರ ಬದಲು ಒಳ್ಳೆ ನೀರು ಬಿಡಿಸಿಕೊಳ್ಳುವುದು. ಕಾವೇರಿ ನೀರು ಸರಬರಾಜು ಯೋಜನೆಯ ಐದನೇ ಹಂತದಿಂದ ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ನೀರು, ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 10 ಟಿಎಂಸಿ. ಮನೆಗೆ ಹೋದ ನೀರಿನಲ್ಲಿ ಶೇ 80ರಷ್ಟು ಮೋರಿಗೆ ಬರುತ್ತದೆ ಅಂತ ನಾವು ಅಂದಾಜು ಹಿಡಿಯುತ್ತೇವೆ. ಅದನ್ನು ಶುದ್ಧ ಮಾಡಿದರೆ ಅದೂ ಒಂದು ಜಲಾಶಯವೇ, ಮಳೆ ಕೈಕೊಟ್ಟರೂ ಅಷ್ಟು ಬೇಗ ಬತ್ತುವುದಿಲ್ಲ.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಕಳಿಸುವ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆ ಮಾಡಿದ್ದು ಇದನ್ನೇ. ದಿನಕ್ಕೆ 44 ಕೋಟಿ ಲೀಟರ್ ಗುರಿ. ಅಷ್ಟೂ ಹರಿದರೆ ವರ್ಷಕ್ಕೆ ಐದೂವರೆ ಟಿಎಂಸಿಗೂ ಜಾಸ್ತಿ. 2018ರಲ್ಲಿ ಮೊದಲ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ವರ್ಷವಿಡೀ ಹರಿಯುವ ನದಿ ಆ ಜಿಲ್ಲೆಗಿಲ್ಲ, ಆದರೆ ಕೆರೆಗಳ ಸರಪಳಿ ಇದೆ. ಒಂದು ತುಂಬಿ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ನಮ್ಮ ಹಿರಿಯರು ಕಟ್ಟಿಟ್ಟ ಆ ಜಾಲ ಇಲ್ಲದಿದ್ದರೆ ಪೈಪ್‌ಲೈನ್ ಖರ್ಚು ಎಲ್ಲಿಗೆ ಮುಟ್ಟುತ್ತಿತ್ತೋ! ಕೆರೆ ನೀರನ್ನು ನೇರವಾಗಿ ಹೊಲಕ್ಕೆ ಬಿಡುವ ಹಾಗಿಲ್ಲ, ನೆಲಕ್ಕೆ ಇಂಗಿ ಬಾವಿ ಬೋರ್‌ವೆಲ್‌ಗಳಲ್ಲಿ ಮೇಲೆ ಬರಬೇಕು. ಅದೇ ವರ್ಷ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೂ ಹೋಯಿತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅಂತ ಅಲ್ಲಿನವರು ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ಸರಿ ಇದೆ. ಕುಡಿಯುವ ನೀರಿನ ಬೋರ್‌ವೆಲ್ಲೂ ಅದೇ ನೆಲದಲ್ಲಿದೆ.

ಆದರೆ ಇದು ಪೂರ್ತಿ ವಿನಿಮಯ ಅಲ್ಲ. ಕೋಲಾರಕ್ಕೆ ನೀರು ಹೋಯಿತು, ಬೆಂಗಳೂರಿನ ಕಾವೇರಿ ಬಳಕೆ ಅದರಿಂದ ಒಂದು ಹನಿಯೂ ಕಡಿಮೆ ಆಗಲಿಲ್ಲ. ಚೆನ್ನೈ ಬೇರೆ ರೀತಿ ಮಾಡಿತು. ಕೊಡುಂಗೈಯೂರ್ ಮತ್ತು ಕೋಯಂಬೇಡಿನ ಎರಡು ಘಟಕಗಳಲ್ಲಿ ತಲಾ 4.5 ಕೋಟಿ ಲೀಟರ್ ಕೊಳಚೆ ನೀರನ್ನು ಆರ್‌ಓ (ಸೂಕ್ಷ್ಮ ಪೊರೆಯಲ್ಲಿ ಸೋಸುವ) ಮಟ್ಟಕ್ಕೆ ಶುದ್ಧ ಮಾಡಿ ಕೈಗಾರಿಕೆಗಳಿಗೆ ಕೊಡುವ ವ್ಯವಸ್ಥೆ. ಕೈಗಾರಿಕೆ ಬಿಟ್ಟುಕೊಟ್ಟ ಒಳ್ಳೆ ನೀರು ಮನೆಗಳಿಗೆ ಸಿಗುತ್ತದೆ. ಪೀಣ್ಯ, ಬೊಮ್ಮಸಂದ್ರದಂಥ ಕಡೆ ನಾವೂ ಮೊದಲು ಯೋಚಿಸಬೇಕಾದದ್ದು ಇದನ್ನೇ.

ಹಾಗಂತ ನಗರ ತನ್ನ ಕೊಳಚೆ ನೀರನ್ನೆಲ್ಲ ತಾನೇ ಬಳಸಲು ಶುರು ಮಾಡಿದರೆ? ಕೋಲಾರದ ಕಡೆ ಒಂದು ಕೆರೆ ಏರಿ ಮೇಲೆ ವಯಸ್ಸಾದ ರೈತರೊಬ್ಬರು ನನ್ನನ್ನು ಇದನ್ನೇ ಕೇಳಿದರು. ಈ ನೀರು ನಂಬಿ ಮಗ ಟೊಮೆಟೊ ಹಾಕಿದ್ದಾನೆ ಸಾರ್, ನಾಳೆ ನಿಲ್ಲಿಸಿಬಿಟ್ಟರೆ ಯಾರನ್ನ ಕೇಳೋದು ಅಂದರು. ಎಷ್ಟು ವರ್ಷ, ಎಷ್ಟು ನೀರು, ಯಾವ ಗುಣಮಟ್ಟ ಅಂತ ಬರೆದು ಆ ಊರಿನವರ ಕೈಗೆ ಕೊಡುವಂಥ ಒಂದು ಕಾಗದ ಅವತ್ತು ನನ್ನ ಹತ್ತಿರ ಇರಲಿಲ್ಲ.